ಎಡಿಟರ್ ದೊಡ್ಡದಾಗಬೇಕಿಲ್ಲ, ಕನ್ನಡ ಕಂಡರೆ ಸಾಕು

ಕೋಡ್ ಬರೆಯುತ್ತಲೇ ಸಂಗೀತ ನುಡಿಸುವ ‘ಲೈವ್ ಕೋಡಿಂಗ್’ ಬಗ್ಗೆ ಮಾತೆತ್ತಿದರೆ ಸಾಕು, ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಒಂದು, “ಅದಕ್ಕೆ ದೊಡ್ಡ ಎಡಿಟರ್ ಬೇಕು, ನಮ್ಮ ಲ್ಯಾಬಿನಲ್ಲಿ ಆಗದು.” ಇನ್ನೊಂದು, “ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲು ಇಂಗ್ಲಿಷ್ ಬರಲಿ.” ಎರಡನ್ನೂ ನಾವು ಒಪ್ಪುವುದಿಲ್ಲ.

‘ಟೈಡಲ್‌ಸೈಕಲ್ಸ್’ ಹಾಕಲು ಹೊರಟರೆ ಹ್ಯಾಸ್ಕೆಲ್, ಸೂಪರ್‌ಕೊಲೈಡರ್, ಸೂಪರ್‌ಡರ್ಟ್, ಮೇಲಿಂದ ಎಡಿಟರಿಗೊಂದು ಪ್ಲಗಿನ್... ಇಷ್ಟೂ ಕೂಡಿಬರಬೇಕು, ನಿಜ. 40 ನಿಮಿಷದ ಪೀರಿಯಡ್ ಅದರಲ್ಲೇ ಮುಗಿದೀತು! ಆದರೆ ಸ್ಯಾಮ್ ಆರನ್ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿದ್ದಾಗ 2012ರಲ್ಲಿ ಶಾಲಾಮಕ್ಕಳಿಗಾಗಿ ರೂಪಿಸತೊಡಗಿದ ‘ಸಾನಿಕ್ ಪೈ’ಯಲ್ಲಿ ಎಡಿಟರ್ ಒಳಗೇ ಇದೆ. ಹಣ ಕೊಡಬೇಕಿಲ್ಲ. ‘ಪ್ಲೇ 60’ ಎಂದು ಬರೆದು ರನ್ ಒತ್ತಿದರೆ ಸ್ವರ ಕೇಳುತ್ತದೆ. ‘ಲೈವ್ ಲೂಪ್’ ಒಳಗೆ ಅಂಕಿ ಬದಲಿಸಿ ಮತ್ತೆ ರನ್ ಒತ್ತಿದರೆ, ಸಂಗೀತ ನಿಲ್ಲದೆಯೇ ಮುಂದಿನ ಆವರ್ತದಲ್ಲಿ ಬದಲಾವಣೆ ಕೇಳಿಸುತ್ತದೆ.

ಇನ್ನು ಎಡಿಟರನ್ನೇ ನಂಬಿದವರ ಪಾಡು ನೋಡಿ. ಟೈಡಲ್ ಬಳಗದಲ್ಲಿ ಬಳಕೆಯಲ್ಲಿದ್ದ ‘ಆಟಮ್’ ಎಡಿಟರನ್ನು ಗಿಟ್‌ಹಬ್ 2022ರ ಡಿಸೆಂಬರಿನಲ್ಲಿ ನಿಲ್ಲಿಸಿಬಿಟ್ಟಿತು. ಕೋಡ್ ಬರಿಯ ಪಠ್ಯ, ಯಾವ ಎಡಿಟರಿನಲ್ಲೂ ತೆರೆದೀತು. ಕಲಿಸಬೇಕಾದ್ದು ಕೋಡನ್ನು, ಎಡಿಟರನ್ನಲ್ಲ.

ಇಂಗ್ಲಿಷಿನ ಮಾತಿಗೆ ಬರೋಣ. ಆಜ್ಞೆಗಳು ಇಂಗ್ಲಿಷಿನಲ್ಲಿವೆ. ಆದರೆ ಮೊದಲ ಪಾಠಕ್ಕೆ ಬೇಕಾದ್ದು ಪ್ಲೇ, ಸ್ಲೀಪ್, ಲೈವ್ ಲೂಪ್, ಡೂ, ಎಂಡ್ ಇಷ್ಟೇ. ಇದಕ್ಕಾಗಿ ನಮ್ಮ ಮಕ್ಕಳು ವರ್ಷಗಟ್ಟಲೆ ಬಾಗಿಲಲ್ಲಿ ಕಾಯಬೇಕೇ? ‘#’ ಚಿಹ್ನೆಯ ಮುಂದೆ ಬರೆದದ್ದನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಓದುವ ಮನುಷ್ಯರಿಗಾಗಿ ಇರುವ ಜಾಗ. ಅಲ್ಲಿ ಕನ್ನಡವಿರಲಿ. ಆದಿತಾಳದ 8 ಅಕ್ಷರಗಳನ್ನು 4, 2, 2 ಎಂದು ಬಿಡಿಸಿ, ಪಕ್ಕದಲ್ಲಿ ‘ಲಘು’, ‘ದ್ರುತ’, ‘ದ್ರುತ’ ಎಂದು ಮಗು ಬರೆಯಲಿ. ಲೆಕ್ಕವೂ ಬಂತು, ತಾಳವೂ ಬಂತು!

ಲ್ಯಾಬಿನ ಹೊಣೆ ಹೊತ್ತ ಅಧ್ಯಾಪಕ ಮಿತ್ರರಲ್ಲಿ ನಮ್ಮ ಬೇಡಿಕೆ ಮೂರೇ. ಕನ್ನಡ ಕೀಲಿಮಣೆ ಸಿದ್ಧವಿರಲಿ. ಹಳೆಯ ಫಾಂಟುಗಳ ಸಹವಾಸ ಬಿಟ್ಟು ಯೂನಿಕೋಡಿನಲ್ಲೇ ಬರೆಸಿ. ಇಲ್ಲದಿದ್ದರೆ ಎಡಿಟರಿನಲ್ಲಿ ಕಸದಂತೆ ಕಂಡೀತು. ಹಿಂದಿನ ಬೆಂಚಿಗೂ ಕಾಣುವಷ್ಟು ಅಕ್ಷರ ದೊಡ್ಡದು ಮಾಡಿ.

ಯಾಕೆಂದರೆ ಲೈವ್ ಕೋಡಿಂಗ್‌ನಲ್ಲಿ ಕಲಾವಿದರು ತಮ್ಮ ಪರದೆಯನ್ನು ಸಭೆಗೆ ತೋರಿಸುತ್ತಾರೆ. 2004ರಲ್ಲಿ ಹುಟ್ಟಿದ ‘ಟಾಪ್‌ಲ್ಯಾಪ್’ ಬಳಗ ಪ್ರತಿಪಾದಿಸಿದ್ದೂ ಇದನ್ನೇ. ಹಾಗಿದ್ದರೆ ನಮ್ಮ ಶಾಲಾ ವಾರ್ಷಿಕೋತ್ಸವದ ಪರದೆಯ ಮೇಲೆ ಊರವರಿಗೆ ಕಾಣಬೇಕಾದ್ದೇನು? ಗಡಿಯ ಈಚೆಗೂ ಕನ್ನಡ ಬರೀ ಪರೀಕ್ಷೆಯ ವಿಷಯವಲ್ಲ, ಕೆಲಸದ ಭಾಷೆ ಎಂಬುದು ಕಾಣಲಿ.