ಮಕ್ಕಳ ನಗೆಗೆ ಮುಡಿಪಾದ ವಿದ್ವತ್ತು

ಮಕ್ಕಳಿಗಾಗಿ ಬರೆಯುವುದು ಸುಲಭವೆಂದೂ, ಅಂಥ ಕೃತಿಯ ಕೊನೆಗೊಂದು ನೀತಿವಾಕ್ಯವಿದ್ದರೆ ಸಾಕೆಂದೂ ಭಾವಿಸುವವರು ವಿದ್ಯಾವಂತರಲ್ಲಿಯೂ ವಿರಳರಲ್ಲ. ಈ ಭಾವನೆ ಎಷ್ಟು ನಿರಾಧಾರವಾದುದೆಂಬುದಕ್ಕೆ ವಂಗದೇಶದ ಸುಕುಮಾರ ರಾಯರ ಜೀವಿತವೇ ಸಾಕ್ಷಿಯಾಗಿದೆ.

1887ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ರಾಯರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಅಭ್ಯಸಿಸಿ, 1911ರಲ್ಲಿ ಇಂಗ್ಲೆಂಡಿಗೆ ತೆರಳಿ ಮುದ್ರಣಕಲೆಯನ್ನೂ ಛಾಯಾಚಿತ್ರಣವನ್ನೂ ಕಲಿತರು. ತಂದೆ ಉಪೇಂದ್ರಕಿಶೋರರು ಸ್ವತಃ ಲೇಖಕರು, ಚಿತ್ರಕಾರರು, ಮುದ್ರಣತಜ್ಞರು. ಅವರು 1913ರಲ್ಲಿ ಆರಂಭಿಸಿದ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಯ ಭಾರವು 1915ರಲ್ಲಿ ಅವರ ನಿಧನಾನಂತರ ಮಗನ ಹೆಗಲಿಗೆ ಬಂದಿತು. ಇಷ್ಟೆಲ್ಲ ಶಾಸ್ತ್ರಜ್ಞಾನವನ್ನು ಸುಕುಮಾರರು ಎಳೆಯರ ಪುಟಗಳಿಗೇ ಧಾರೆಯೆರೆದರು. ಕಥೆ, ಪದ್ಯ, ನಾಟಕ, ವಿಜ್ಞಾನಲೇಖನಗಳನ್ನು ರಚಿಸಿದುದಲ್ಲದೆ ಚಿತ್ರಗಳನ್ನೂ ಬರೆದರು.

ಅವರ ಒಂದು ಪದ್ಯದಲ್ಲಿ ಬಾತುಕೋಳಿಯ ಹೆಸರೂ ಮುಳ್ಳುಹಂದಿಯ ಹೆಸರೂ ಯಾವ ವ್ಯಾಕರಣವೂ ಒಪ್ಪದ ರೀತಿಯಲ್ಲಿ ಕೂಡಿಕೊಂಡು ‘ಹಾಂಸಜಾರು’ ಎಂಬ ಹೊಸ ಪ್ರಾಣಿಯಾಗುತ್ತದೆ. ಚಿತ್ರದಲ್ಲಿ ಆ ಎರಡರ ಒಡಲುಗಳೂ ಹಾಗೆಯೇ ಬೆಸೆದುಕೊಂಡಿವೆ. ಪದಗಳ ಸಂಧಿಯನ್ನು ಮಾಡಿದ ಕೈಯೇ ರೇಖೆಗಳ ಸಂಧಿಯನ್ನೂ ಮಾಡಿತು.

ಇದರಿಂದ ಮಗು ಕಲಿಯುವ ನೀತಿಯೇನೆಂದು ಕೇಳುವವರುಂಟು. ಬೆಡಗಿನ ವಚನಗಳಲ್ಲಿ ಅಸಂಬದ್ಧದಂತೆ ತೋರುವ ಮಾತಿನ ಹಿಂದೆ ಗೂಢಾರ್ಥವಿರುತ್ತದೆ. ಈ ಪದ್ಯದಲ್ಲಿ ಅಂಥದನ್ನು ಅರಸಬೇಕಾಗಿಲ್ಲ. ನಿಯಮದ ಸುಳಿವೇ ಇಲ್ಲದವನಿಗೆ ಅದನ್ನು ಮುರಿದ ಸೊಗಸು ದಕ್ಕದು. ಹಾಂಸಜಾರುವನ್ನು ಕಂಡು ನಕ್ಕ ಮಗು ಸಂಧಿಯ ಮರ್ಮವನ್ನು ಸೂತ್ರಕ್ಕಿಂತ ಮೊದಲೇ ಮುಟ್ಟಿದೆ. ಭಾಷೆಯ ಮೇಲಿನ ಪ್ರೀತಿ ಹುಟ್ಟುವುದು ಈ ನಗೆಯಲ್ಲಿ. ಪ್ರೀತಿ ಹುಟ್ಟಿದ ಮೇಲೆ ವ್ಯಾಕರಣವು ಭಾರವಾಗದು.

1921ರಲ್ಲಿ ರಾಯರಿಗೆ ಕಾಲಾ ಅಜಾರ್ ರೋಗ ತಗುಲಿತು. ಹಾಸಿಗೆ ಹಿಡಿದಿದ್ದಾಗಲೂ ಅವರು ‘ಆಬೋಲ್ ತಾಬೋಲ್’ ಎಂಬ ಪದ್ಯಸಂಕಲನವನ್ನು ಅಚ್ಚಿಗೆ ಅಣಿಗೊಳಿಸಿದರು. 1923ರ ಸೆಪ್ಟೆಂಬರ್ 10ರಂದು, 35ರ ವಯಸ್ಸಿನಲ್ಲಿ, ಅವರು ಕಾಲವಶರಾದರು. ಪುಸ್ತಕ ಹೊರಬಂದುದು ಅದಾದ ಒಂಬತ್ತು ದಿನಗಳಿಗೆ. ಮೃತ್ಯುವಿನ ಹೊಸ್ತಿಲಲ್ಲಿ ಕುಳಿತು ಮಕ್ಕಳನ್ನು ನಗಿಸುವ ಕಾಯಕವನ್ನು ಪೂರೈಸಿದವರನ್ನು ಕೇವಲ ವಿನೋದಕಾರರೆನ್ನಲಾದೀತೆ? ನಿಂತುಹೋಗಿದ್ದ ‘ಸಂದೇಶ್’ ಪತ್ರಿಕೆಗೆ ಪುತ್ರ ಸತ್ಯಜಿತ್ ರಾಯ್ 1961ರಲ್ಲಿ ಮತ್ತೆ ಜೀವವಿತ್ತರು.

ಪ್ರತಿ ಪದ್ಯದ ತುದಿಯಲ್ಲೂ ನೀತಿಯನ್ನು ಕೇಳದೆ, ಮಗುವಿಗೆ ಮನದಣಿಯೆ ನಗಲು ಅವಕಾಶವೀಯುವುದು ಅಧ್ಯಾಪಕರ ಧರ್ಮ. ಕಟ್ಟಡಗಳಿಗೆ ಉದಾರವಾಗಿ ನೀಡುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಉತ್ತಮ ಚಿತ್ರಗಳುಳ್ಳ ಮಕ್ಕಳ ಪುಸ್ತಕಗಳಿಗೂ ಒಂದು ಪಾಲನ್ನು ಮೀಸಲಿಡುವುದು ಯುಕ್ತ. ಅನ್ನದಾಸೋಹದ ಪಂಕ್ತಿಯಲ್ಲಿ ಮಕ್ಕಳನ್ನು ಮೊದಲು ಕೂರಿಸುವವರು ಅಕ್ಷರದಾಸೋಹದ ಪಂಕ್ತಿಯಲ್ಲಿ ಅವರಿಗೆ ಉಳಿದದ್ದನ್ನು ಬಡಿಸಬಾರದು.