ಬೀಗದ ಕೈ ಯಾರ ಕೈಗೆ?



2025ರ ಮೇ 8ರಂದು ವ್ಯಾಟಿಕನ್‌ನಲ್ಲಿ ಬಿಳಿ ಹೊಗೆ ಕಾಣಿಸಿತು. ಕಾರ್ಡಿನಲ್ ರಾಬರ್ಟ್ ಪ್ರಿವೋಸ್ಟ್ ಅವರು ಜಗದ್ಗುರು 14ನೇ ಲಿಯೋ ಆದರು. ಅವರು 1955ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಹುಟ್ಟಿದವರು. ಪೆರು ದೇಶದಲ್ಲಿ ಅನೇಕ ವರ್ಷ ಸೇವೆ ಮಾಡಿದವರು. 2015ರಲ್ಲಿ ಅಲ್ಲಿನ ಪೌರತ್ವ ಪಡೆದು ಚಿಕ್ಲಾಯೊ ಧರ್ಮಕ್ಷೇತ್ರದ ಧರ್ಮಾಧ್ಯಕ್ಷರಾದವರು. ಇಟಲಿಯಲ್ಲಿ ಹುಟ್ಟದ ಅವರು ಈಗ ರೋಮಿನ ಧರ್ಮಾಧ್ಯಕ್ಷರು. ನಮ್ಮಲ್ಲಿ ಯಾರಿಗೂ ಇದು ತಪ್ಪೆಂದು ತೋರಲಿಲ್ಲ. ಸಂತ ಪೇತ್ರರೇ ಗಲಿಲೇಯದಿಂದ ರೋಮಿಗೆ ಹೋದ ಮೀನುಗಾರರಲ್ಲವೇ?

ಆದರೆ ಪೆರು ದೇಶದ ಸಂವಿಧಾನದ ಪ್ರಕಾರ ಅಲ್ಲಿನ ಅಧ್ಯಕ್ಷರಾಗಬೇಕಾದರೆ ಹುಟ್ಟಿನಿಂದಲೇ ಆ ದೇಶದ ಪೌರರಾಗಿರಬೇಕು. ಅಮೆರಿಕದಲ್ಲಿಯೂ ಹಾಗೆಯೇ. ಹೊರಗೆ ಹುಟ್ಟಿ, ಬಂದು ನೆಲೆಸಿ, ಪೌರತ್ವ ಪಡೆದವರಿಗೆ ದೇಶದ ಅತ್ಯುನ್ನತ ಹುದ್ದೆಯ ಬಾಗಿಲು ತೆರೆದಿರಬೇಕೇ, ಮುಚ್ಚಿರಬೇಕೇ? ಈ ತಿಂಗಳು ನಾವು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದೇವೆ. ಯಾವ ಪಕ್ಷಕ್ಕೆ ಮತ ಹಾಕಬೇಕೆಂದು ಹೇಳುವುದು ಈ ಅಂಕಣದ ಕೆಲಸವಲ್ಲ. ಆದರೆ ಯಾರು ನಮ್ಮವರು, ಯಾರು ಹೊರಗಿನವರು ಎಂಬ ಪ್ರಶ್ನೆ ಪವಿತ್ರ ಗ್ರಂಥದಲ್ಲಿ ಮತ್ತೆ ಮತ್ತೆ ಏಳುತ್ತದೆ. ಗಡಿಯಲ್ಲಿ ಬದುಕುವ ನಮಗಂತೂ ಅದು ದಿನನಿತ್ಯದ ಪ್ರಶ್ನೆ.

ಅಮೆರಿಕದ ಕಟ್ಟಳೆ

ಅಮೆರಿಕ ವಲಸೆ ಬಂದವರು ಕಟ್ಟಿದ ದೇಶ. ಆದರೂ 1787ರಲ್ಲಿ ಬರೆದ ಅದರ ಸಂವಿಧಾನ ಅಧ್ಯಕ್ಷರಿಗೆ ಮೂರು ಅರ್ಹತೆಗಳನ್ನು ಇಟ್ಟಿತು: 35 ವರ್ಷ ತುಂಬಿರಬೇಕು, ದೇಶದಲ್ಲಿ 14 ವರ್ಷ ವಾಸವಾಗಿರಬೇಕು, ಹುಟ್ಟಿನಿಂದಲೇ ಪೌರರಾಗಿರಬೇಕು. ಆ ವರ್ಷದ ಜುಲೈನಲ್ಲಿ ಜಾನ್ ಜೇ ಎಂಬ ಮುಖಂಡರು ಜಾರ್ಜ್ ವಾಷಿಂಗ್ಟನ್ನರಿಗೆ ಪತ್ರ ಬರೆದು, ಸೇನೆಯ ಮುಖ್ಯಾಧಿಕಾರ ಹುಟ್ಟು ಪೌರರಲ್ಲದವರ ಕೈ ಸೇರದಂತೆ ನೋಡಿಕೊಳ್ಳಬೇಕೆಂದು ಸೂಚಿಸಿದ್ದರು.

ಆ ಭಯಕ್ಕೆ ಕಾರಣವಿತ್ತು. ಅದು ಆಗತಾನೇ ಹುಟ್ಟಿದ, ಬಲವಿಲ್ಲದ ದೇಶ. ಯುರೋಪಿನಲ್ಲಿ ಪೋಲೆಂಡಿನ ಗತಿ ಎಲ್ಲರ ಕಣ್ಣ ಮುಂದಿತ್ತು. ಅಲ್ಲಿ ರಾಜನನ್ನು ಚುನಾಯಿಸುತ್ತಿದ್ದರು. ನೆರೆಯ ಬಲಿಷ್ಠ ದೇಶಗಳು ಆ ಚುನಾವಣೆಯಲ್ಲಿ ಕೈಹಾಕುತ್ತಿದ್ದವು. ಕೊನೆಗೆ 1772ರಲ್ಲಿ ಆ ದೇಶದ ಭಾಗಗಳನ್ನೇ ತಮ್ಮೊಳಗೆ ಹಂಚಿಕೊಂಡವು. ಹಣ, ಸೈನ್ಯ, ಬಂಧುಬಳಗ ಇರುವ ಯುರೋಪಿನ ರಾಜಕುಮಾರನೊಬ್ಬ ಬಂದು ಅಧಿಕಾರ ಹಿಡಿದರೆ ಏನು ಗತಿ ಎಂಬುದು ಅಂದಿನವರ ಚಿಂತೆ.

ಆ ರಾಜಕುಮಾರರ ಕಾಲ ಮುಗಿಯಿತು, ಕಟ್ಟಳೆ ಉಳಿಯಿತು. ಪ್ರಾಗ್ ನಗರದಲ್ಲಿ ಹುಟ್ಟಿದ ಮೆಡಲಿನ್ ಆಲ್‌ಬ್ರೈಟ್ 1997ರಿಂದ 2001ರವರೆಗೆ ಅಮೆರಿಕದ ವಿದೇಶಾಂಗ ವ್ಯವಹಾರವನ್ನೇ ನಡೆಸಿದರು, ಅಧ್ಯಕ್ಷರಾಗುವಂತಿರಲಿಲ್ಲ. ಆಸ್ಟ್ರಿಯಾದಲ್ಲಿ ಹುಟ್ಟಿದ ಸಿನಿಮಾ ನಟ ಆರ್ನಾಲ್ಡ್ ಶ್ವಾರ್ಜನೆಗರ್ 2003ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆದರು. ಅವರಿಗೂ ಅದಕ್ಕಿಂತ ಮೇಲಿನ ಮೆಟ್ಟಿಲಿಲ್ಲ. ಬೇರೆ ದೇಶದಲ್ಲಿ ಹುಟ್ಟಿದ ಅನಾಥ ಶಿಶುವನ್ನು ಅಮೆರಿಕದ ದಂಪತಿಗಳು ದತ್ತು ತಂದು ಸಾಕಿದರೆ, ಬೇರೆ ಊರನ್ನೇ ಕಾಣದ ಆ ಮಗುವಿಗೂ ಅದೇ ಕಟ್ಟಳೆ ಅಡ್ಡ ಬರುತ್ತದೆ. ಪೌರರಾಗಿ 20 ವರ್ಷ ಕಳೆದವರಿಗೆ ಅವಕಾಶ ಕೊಡುವ ತಿದ್ದುಪಡಿಯನ್ನು ಸೆನೆಟರ್ ಆರಿನ್ ಹ್ಯಾಚ್ 2003ರಲ್ಲಿ ಮಂಡಿಸಿದರು. ಅದು ಮುಂದೆ ಸಾಗಲಿಲ್ಲ.

ಎಲ್ಲ ದೇಶಗಳೂ ಹೀಗಿಲ್ಲ. ವೇಲ್ಸ್‌ನಲ್ಲಿ ಹುಟ್ಟಿದ ಜೂಲಿಯಾ ಗಿಲಾರ್ಡ್ 2010ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯಾದರು. ಕಥೋಲಿಕರೇ ಹೆಚ್ಚಾಗಿರುವ ಐರ್ಲೆಂಡಿನಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಏಮನ್ ಡಿ ವೆಲೆರಾ ಮೊದಲು ಪ್ರಧಾನಿಯಾಗಿ, ಆಮೇಲೆ 1959ರಿಂದ 1973ರವರೆಗೆ ಅಧ್ಯಕ್ಷರಾಗಿದ್ದರು.

ಪವಿತ್ರ ಗ್ರಂಥ ಏನು ಹೇಳುತ್ತದೆ?

ಮುಚ್ಚಿದ ಬಾಗಿಲಿನ ಪರವಾಗಿಯೂ ಪವಿತ್ರ ಗ್ರಂಥದಲ್ಲಿ ಮಾತಿದೆ. ಅದನ್ನು ನಾವು ಮರೆಮಾಡಬಾರದು. ಧರ್ಮೋಪದೇಶಕಾಂಡದ 17ನೇ ಅಧ್ಯಾಯದಲ್ಲಿ ಇಸ್ರಯೇಲರಿಗೆ ಸ್ಪಷ್ಟ ಆಜ್ಞೆ ಇದೆ: ರಾಜನನ್ನು ನೇಮಿಸಿಕೊಳ್ಳುವಾಗ ಸ್ವಂತ ಸಹೋದರರಲ್ಲಿ ಒಬ್ಬನನ್ನು ಆರಿಸಬೇಕು, ಪರದೇಶಿಯನ್ನು ಆರಿಸಬಾರದು. ಈ ಭಯ ಸುಳ್ಳಲ್ಲ ಎಂಬುದಕ್ಕೆ ಹೆರೋದನೇ ಸಾಕ್ಷಿ. ಅವನು ಇದುಮಾಯ ಮೂಲದವನು, ರೋಮಿನವರು ಜನರ ತಲೆಯ ಮೇಲೆ ಕೂರಿಸಿದ ಅರಸ. ಸಿಂಹಾಸನದ ಭಯದಿಂದ ಬೆತ್ಲೆಹೇಮಿನ ಎಳೆಯ ಕೂಸುಗಳನ್ನು ಕೊಲ್ಲಿಸಿದವನು.

ಆದರೆ ಅದೇ ಅಧ್ಯಾಯವನ್ನು ಮುಂದೆ ಓದೋಣ. ರಾಜನು ಕುದುರೆಗಳನ್ನು ಹೆಚ್ಚಿಸಿಕೊಳ್ಳಬಾರದು, ಅನೇಕ ಹೆಂಡಿರನ್ನು ಮಾಡಿಕೊಳ್ಳಬಾರದು, ಬೆಳ್ಳಿಬಂಗಾರ ಕೂಡಿಹಾಕಬಾರದು. ಧರ್ಮಶಾಸ್ತ್ರವನ್ನು ದಿನವೂ ಓದಬೇಕು. ತನ್ನ ಸಹೋದರರಿಗಿಂತ ತಾನು ಮೇಲೆಂದು ಭಾವಿಸಬಾರದು. ಈ ಮೂರು ನಿಷೇಧಗಳನ್ನು ಒಂದೂ ಬಿಡದೆ ಮುರಿದವನು ಯಾರು? ಯೆರೂಸಲೇಮಿನಲ್ಲೇ ಹುಟ್ಟಿದ, ದಾವೀದನ ಮಗ ಸೊಲೊಮೋನ. ಕುದುರೆಗಳನ್ನು ಈಜಿಪ್ಟಿನಿಂದಲೇ ತರಿಸಿದ. ಸ್ವದೇಶದಲ್ಲಿ ಹುಟ್ಟಿದ ಮಾತ್ರಕ್ಕೆ ದೇಶನಿಷ್ಠೆ ಬರುವುದಿಲ್ಲ ಎಂಬುದಕ್ಕೆ ಬೇರೆ ಉದಾಹರಣೆ ಬೇಕೇ?

ಇನ್ನೊಂದು ಸಂಗತಿ. ಅದೇ ಗ್ರಂಥದ 23ನೇ ಅಧ್ಯಾಯ ಮೊವಾಬಿನವರನ್ನು ಸರ್ವೇಶ್ವರನ ಸಭೆಗೆ ಸೇರಿಸಬಾರದು ಎನ್ನುತ್ತದೆ. ರೂತಳು ಮೊವಾಬಿನವಳು. ಗಂಡ ಸತ್ತ ಮೇಲೆ ತವರಿಗೆ ಹೋಗಬಹುದಾಗಿದ್ದ ಅವಳು ಮುದಿ ಅತ್ತೆಯ ಕೈ ಬಿಡದೆ ಬೆತ್ಲೆಹೇಮಿಗೆ ಬಂದಳು, ಬಿಸಿಲಿನಲ್ಲಿ ತೆನೆ ಆಯ್ದು ಅತ್ತೆಯನ್ನು ಸಾಕಿದಳು. ಊರಿನವರೇ ಅವಳನ್ನು ಮೆಚ್ಚಿ ಹರಸಿದರು. ಅವಳ ಮರಿಮಗನೇ ಅರಸ ದಾವೀದ. ಸಂತ ಮತ್ತಾಯರು ಪ್ರಭು ಯೇಸುವಿನ ವಂಶಾವಳಿಯಲ್ಲಿ ಅವಳ ಹೆಸರನ್ನು ಮರೆಯದೆ ಬರೆದಿದ್ದಾರೆ. ಹೆರೋದ ಮೇಲಿನಿಂದ ಹೇರಲ್ಪಟ್ಟವನು. ರೂತಳು ದುಡಿದು, ಬಾಳಿ, ಜನರಿಂದ ಒಪ್ಪಿಗೆ ಪಡೆದವಳು. ವ್ಯತ್ಯಾಸ ಇರುವುದು ಇಲ್ಲಿ.

ನಮ್ಮ ಮನೆಗಳಲ್ಲಿಯೂ ಇದೇ ನಡೆಯುತ್ತದೆ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಎಂದು ಮಗಳನ್ನು ಕಳಿಸಿಕೊಡುತ್ತೇವೆ. ಇನ್ನೊಂದು ಮನೆಯ ಮಗಳನ್ನು ಸೊಸೆಯಾಗಿ ತರುತ್ತೇವೆ. ಮದುವೆಯ ಮಾರನೆಯ ದಿನವೇ ಯಾರೂ ಅವಳ ಕೈಗೆ ಕಪಾಟಿನ ಬೀಗದ ಕೈ ಕೊಡುವುದಿಲ್ಲ. ಆದರೆ ಇಪ್ಪತ್ತು ವರ್ಷ ಆ ಮನೆಯ ಒಲೆ ಹೊತ್ತಿಸಿ, ಮಾವನ ಕಾಯಿಲೆ ನೋಡಿಕೊಂಡು, ಮಕ್ಕಳನ್ನು ಸಾಕಿದ ಮೇಲೂ 'ನೀನು ಹೊರಗಿನವಳು' ಎಂದು ಬೀಗದ ಕೈ ಬಚ್ಚಿಟ್ಟರೆ ಅದು ಅನ್ಯಾಯ. ಬಚ್ಚಿಡುವ ಅತ್ತೆಯೂ ಒಂದು ಕಾಲದಲ್ಲಿ ಹೊರಗಿನಿಂದಲೇ ಬಂದವರು.

ಭಾರತದ ದಾರಿ

ಈಗ ನಮ್ಮ ದೇಶಕ್ಕೆ ಬರೋಣ. ಭಾರತದ ಸಂವಿಧಾನದ 58ನೇ ವಿಧಿಯ ಪ್ರಕಾರ ರಾಷ್ಟ್ರಪತಿಯಾಗಲು ಭಾರತದ ಪೌರರಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಯ ಸದಸ್ಯರಾಗುವ ಅರ್ಹತೆ ಇರಬೇಕು. ಹುಟ್ಟಿದ ಸ್ಥಳದ ಮಾತಿಲ್ಲ. ಪ್ರಧಾನಿಗೂ ಅಂಥ ನಿರ್ಬಂಧವಿಲ್ಲ.

ಈ ವಿಷಯ ಬಿಸಿಯಾದದ್ದು 1999ರಲ್ಲಿ. ಇಟಲಿಯಲ್ಲಿ ಹುಟ್ಟಿ, 1968ರಲ್ಲಿ ಮದುವೆಯಾಗಿ ಬಂದು, 1983ರಲ್ಲಿ ಭಾರತದ ಪೌರತ್ವ ಪಡೆದ ಸೋನಿಯಾ ಗಾಂಧಿಯವರು ಪ್ರಧಾನಿಯಾಗುವುದು ಸರಿಯಲ್ಲವೆಂದು ಅವರದೇ ಪಕ್ಷದ ಶರದ್ ಪವಾರ್, ಪಿ. ಎ. ಸಂಗ್ಮಾ, ತಾರಿಕ್ ಅನ್ವರ್ ಹೇಳಿದರು. ಪಕ್ಷ ಅವರನ್ನು ಹೊರಹಾಕಿತು. ಸಂಗ್ಮಾ ಅವರು ಮೇಘಾಲಯದ ಕಥೋಲಿಕರು ಎಂಬುದನ್ನು ನಾವು ಗಮನಿಸಬೇಕು. ಆದ್ದರಿಂದ ಆ ವಾದ ಮಾಡಿದವರೆಲ್ಲ ಕ್ರೈಸ್ತರ ವಿರೋಧಿಗಳೆಂದು ತಿಳಿಯಬಾರದು. 'ನಮ್ಮವರು' ಎಂಬ ಕಾರಣಕ್ಕೆ ನಾವು ಒಬ್ಬರ ಪರ ನಿಲ್ಲಲೂಬಾರದು.

ಆ ವರ್ಷದ ಲೋಕಸಭಾ ಚುನಾವಣೆಯನ್ನು ಆದೋನಿ, ರಾಯದುರ್ಗದ ಹಿರಿಯರು ಮರೆತಿರಲಾರರು. ಪಕ್ಕದ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿಯವರ ಎದುರು ಸುಷ್ಮಾ ಸ್ವರಾಜ್ ನಿಂತರು. ಸ್ವದೇಶಿ ಮಗಳೋ, ವಿದೇಶಿ ಸೊಸೆಯೋ ಎಂಬುದೇ ಪ್ರಚಾರದ ಕೂಗು. ಸುಷ್ಮಾ ಅವರು ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿ ಜನರ ಮೆಚ್ಚುಗೆ ಗಳಿಸಿದರು. ಅವರು ಹರಿಯಾಣದವರು. ಬಳ್ಳಾರಿಯ ಅಜ್ಜಿಯೊಬ್ಬಳಿಗೆ ಇಬ್ಬರೂ ದೂರದವರೇ ಅಲ್ಲವೇ? ಕೊನೆಗೆ ಸೊಸೆ ಸುಮಾರು 56 ಸಾವಿರ ಮತಗಳಿಂದ ಗೆದ್ದರು. 2004ರಲ್ಲಿ ಪ್ರಧಾನಿಯಾಗುವ ಅವಕಾಶ ಬಂದಾಗ ಅವರೇ ಅದನ್ನು ಬೇಡವೆಂದರು. ಮೇ 22ರಂದು ಡಾ. ಮನಮೋಹನ್ ಸಿಂಗ್ ಪ್ರಮಾಣ ವಚನ ಸ್ವೀಕರಿಸಿದರು.

ಮನಮೋಹನ್ ಸಿಂಗ್ ಎಲ್ಲಿ ಹುಟ್ಟಿದ್ದರು? ಇಂದು ಪಾಕಿಸ್ತಾನದಲ್ಲಿರುವ ಗಾಹ್ ಎಂಬ ಹಳ್ಳಿಯಲ್ಲಿ. ಅದಕ್ಕೆ ಮೊದಲು ಪ್ರಧಾನಿಯಾಗಿದ್ದ ಐ. ಕೆ. ಗುಜ್ರಾಲ್ ಹುಟ್ಟಿದ್ದು ಝೇಲಂನಲ್ಲಿ, ಉಪಪ್ರಧಾನಿಯಾಗಿದ್ದ ಎಲ್. ಕೆ. ಅಡ್ವಾಣಿ ಹುಟ್ಟಿದ್ದು ಕರಾಚಿಯಲ್ಲಿ. ಅವರು ಹುಟ್ಟಿದಾಗ ಅದು ಭಾರತವೇ. 1947ರಲ್ಲಿ ಗೆರೆ ಎಳೆದಾಗ ಹುಟ್ಟೂರು ಪರದೇಶವಾಯಿತು.

ಗಡಿಗೆರೆಯ ಈ ಆಟ ನಮಗೆ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಅಜ್ಜಂದಿರ ಮನೆ, ಬಾವಿ, ತೋಟ ಕದಲಲಿಲ್ಲ, ಗೆರೆ ಕದಲಿತು. ಅಂದಿನಿಂದ ಈ ಕಡೆಯ ಕಚೇರಿಯಲ್ಲಿ 'ನೀವು ಕನ್ನಡದವರು' ಎನ್ನುತ್ತಾರೆ, ಆ ಕಡೆಗೆ ಹೋದರೆ 'ನೀವು ಹೊರರಾಜ್ಯದವರು' ಎನ್ನುತ್ತಾರೆ. ದೇಶ ಒಂದೇ ಆದರೂ ಈ ಮಾತು ಎಷ್ಟು ಚುಚ್ಚುತ್ತದೆ ಎಂಬುದನ್ನು ನಾವು ಬಲ್ಲೆವು. ಹುಟ್ಟಿದ ಜಾಗದಿಂದ ಮನುಷ್ಯನನ್ನು ಅಳೆಯುವ ಮುನ್ನ ನಾವಾದರೂ ಎರಡು ಬಾರಿ ಯೋಚಿಸಬೇಕು.

ಯಾವುದರಿಂದ ಅಳೆಯುವುದು?

ನಮ್ಮ ಅಭಿಪ್ರಾಯ ಇಷ್ಟು. ಕಾನೂನು ಹುಟ್ಟಿನ ಕಾರಣಕ್ಕೆ ಬಾಗಿಲು ಮುಚ್ಚಬಾರದು. ಬಂದು ಇಂತಿಷ್ಟು ವರ್ಷ ಪೌರರಾಗಿ ಬಾಳಿರಬೇಕು ಎಂಬ ಅವಧಿಯನ್ನು ಒಂದು ದೇಶ ಇಟ್ಟುಕೊಂಡರೆ ಅದು ನ್ಯಾಯವೇ. ಏಕೆಂದರೆ ಕಾಯುವುದು ಎಲ್ಲರಿಂದಲೂ ಆಗುತ್ತದೆ, ಮತ್ತೊಮ್ಮೆ ಹುಟ್ಟುವುದು ಯಾರಿಂದಲೂ ಆಗದು. ಉಳಿದ ತೀರ್ಮಾನವನ್ನು ಮತದಾರರಿಗೆ ಬಿಡಬೇಕು. ಪೌರತ್ವ ಕೊಟ್ಟು, ತೆರಿಗೆ ಪಡೆದು, ಸೈನ್ಯಕ್ಕೂ ಸೇರಿಸಿಕೊಂಡು, ಕೊನೆಯ ಮೆಟ್ಟಿಲಲ್ಲಿ 'ನೀನು ನಮ್ಮವನಲ್ಲ' ಎಂದರೆ ಮೊದಲು ಕೊಟ್ಟ ಪೌರತ್ವಕ್ಕೆ ಬೆಲೆ ಏನು?

ಬಾಗಿಲು ತೆರೆದರೆ ಮತದಾರನ ಹೊಣೆ ಹೆಚ್ಚುತ್ತದೆ. ಈ ವ್ಯಕ್ತಿ ನಮ್ಮ ಬರ, ನೆರೆ, ಆಸ್ಪತ್ರೆಯ ಸಾಲು ಇವುಗಳನ್ನು ಬಲ್ಲವರೇ? ನಮ್ಮ ಭಾಷೆ ಕಲಿಯುವ ಮನಸ್ಸಿದೆಯೇ? ಕಾನೂನಿಗೆ ತಲೆಬಾಗುತ್ತಾರೆಯೇ? ಹೊರಗಿನ ಶಕ್ತಿಗಳ ಹಣಕ್ಕೆ ಬಗ್ಗದವರೇ? ಇವನ್ನು ಹೊರಗೆ ಹುಟ್ಟಿದವರಿಗೆ ಕೇಳಬೇಕು. ಇಲ್ಲೇ ಹುಟ್ಟಿದವರಿಗೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. 1910ರಲ್ಲಿ ಸ್ಕೋಪ್ಯೆಯಲ್ಲಿ ಹುಟ್ಟಿ ಭಾರತದ ಪೌರರಾದ ಕೊಲ್ಕತ್ತದ ಸಂತ ತೆರೇಸರಿಗೆ ಈ ದೇಶ 1980ರಲ್ಲಿ ಭಾರತ ರತ್ನ ಕೊಟ್ಟಿತು. ಅವರ ಊರು ಯಾವುದೆಂದು ಯಾವ ರೋಗಿಯೂ ಕೇಳಲಿಲ್ಲ.

ದೇಶದ ಮಾತು ದೊಡ್ಡದು. ಧರ್ಮಕೇಂದ್ರದ ಮಾತು ಹತ್ತಿರದ್ದು. ಹತ್ತಾರು ವರ್ಷಗಳ ಹಿಂದೆ ಕೆಲಸಕ್ಕೆಂದು ಬೇರೆ ಊರಿನಿಂದ ಬಂದು, ತಪ್ಪದೆ ಬಲಿಪೂಜೆಗೆ ಬರುವ ಕುಟುಂಬಗಳು ನಮ್ಮಲ್ಲಿವೆ. ಹಬ್ಬದ ಹಿಂದಿನ ದಿನ ಅಂಗಳ ಗುಡಿಸಲು ಅವರು ಬೇಕು. ಪಾಲನಾ ಸಮಿತಿಯ ಉಪಾಧ್ಯಕ್ಷರ ಆಯ್ಕೆ ಬಂದಾಗ ಮಾತ್ರ 'ಊರಿನವರೇ ಆಗಲಿ' ಎಂಬ ಪಿಸುಮಾತು ಏಳುತ್ತದೆ. ದೂರದ ದೇಶಗಳ ಸಂವಿಧಾನವನ್ನು ತಿದ್ದುವುದು ನಮ್ಮ ಕೈಲಿಲ್ಲ. ಈ ಪಿಸುಮಾತನ್ನು ನಿಲ್ಲಿಸುವುದು ನಮ್ಮ ಕೈಲಿದೆ.

ಮನೆಯಲ್ಲಿ ಮಾತಾಡೋಣ

1. ನಮ್ಮ ಮನೆತನದಲ್ಲಿ ಈ ಊರಿಗೆ ಮೊದಲು ಬಂದವರು ಯಾರು? ಎಲ್ಲಿಂದ, ಯಾಕೆ ಬಂದರು?

2. ರೂತಳ ಗ್ರಂಥದಲ್ಲಿ ನಾಲ್ಕೇ ಅಧ್ಯಾಯಗಳಿವೆ. ಈ ವಾರ ಸಂಜೆಯ ಪ್ರಾರ್ಥನೆಯಲ್ಲಿ ದಿನಕ್ಕೊಂದು ಓದಿ. ಬೆತ್ಲೆಹೇಮಿನವರು ಅವಳಲ್ಲಿ ಏನನ್ನು ಮೆಚ್ಚಿದರು?

3. ನಮ್ಮ ವಾರ್ಡಿಗೆ ಹೊಸದಾಗಿ ಬಂದ ಕುಟುಂಬ ಯಾವುದು? ಅವರ ಮನೆಗೆ ನಾವು ಹೋದದ್ದು ಯಾವಾಗ?