ಬೀಗ ಹಾಕಿದ ಮನೆಯ ಬ್ಯಾಟರಿ

ವಿಜಯಪುರ ಜಿಲ್ಲೆಯ ಮಸೂತಿಗೆ ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರವು ತೀರ ನೆರೆ. ತಲಾ 800 ಮೆಗಾವಾಟಿನ ಮೂರು ಘಟಕಗಳು. ಒಟ್ಟು 2400 ಮೆಗಾವಾಟ್. ಇಷ್ಟು ದೊಡ್ಡ ಒಲೆ ಪಕ್ಕದಲ್ಲೇ ಉರಿಯುತ್ತಿರುವಾಗ ಊರಿನ ಮನೆಗೆ ಇನ್ವರ್ಟರೇಕೆಂದು ಪೇಟೆಯ ವಾಚಕರು ಕೇಳಬಹುದು. ಸ್ಥಾವರದ ವಿದ್ಯುತ್ತು ಭಾರಿ ತಂತಿಗಳನ್ನೇರಿ ದೂರದ ಜಾಲವನ್ನು ಸೇರುವುದು. ಊರಿನ ದೀಪವಾದರೋ ಊರಿನ ಕಂಬವನ್ನೇ ನೆಚ್ಚಿರುವುದು. ಗಾಳಿಮಳೆಗೆ ಒಂದು ತಂತಿ ಹರಿದರೆ ಸಾಕು, ನೆರೆಯವರಿಗೂ ಕತ್ತಲೆಯೇ.

ಆದರೆ ಮನೆಯ ಮೂಲೆಯ ಬ್ಯಾಟರಿಗೆ ಕತ್ತಲೆಗಿಂತ ಕೇಡು ತರುವುದು ಬೀಗ. ಮಕ್ಕಳ ಓದಿಗೆಂದು ಸಂಸಾರವು ವಿಜಯಪುರಕ್ಕೆ ಹೊರಡುತ್ತದೆ. ಯಜಮಾನರು ಜಾಗರೂಕತೆಯಿಂದ ಮೇನ್ ಸ್ವಿಚ್ಚನ್ನು ಆರಿಸಿ ಬೀಗ ಜಡಿಯುತ್ತಾರೆ. ಇನ್ವರ್ಟರನ್ನು ಆರಿಸುವುದು ಯಾರಿಗೂ ನೆನಪಾಗದು. ಅದು ಪಾಪ, ಕರೆಂಟು ಹೋಯಿತೆಂದೇ ತಿಳಿದು ದುಡಿಯತೊಡಗುತ್ತದೆ. ಹಿತ್ತಿಲಲ್ಲಿ ಮರೆತ ಒಂದು ದೀಪ, ಜೊತೆಗೆ ಯಂತ್ರದ ಸ್ವಂತ ಖರ್ಚು. ಕೆಲವೇ ದಿನಗಳಲ್ಲಿ ಬ್ಯಾಟರಿ ಬರಿದು. ಎರಡು ತಿಂಗಳ ಮೇಲೆ ಹಬ್ಬಕ್ಕೆ ಬಂದವರು, ಹತ್ತು ಸಾವಿರಕ್ಕೂ ಮಿಕ್ಕ ಬೆಲೆಯ ವಸ್ತು ಕೆಟ್ಟುದನ್ನು ಕಂಡು ಅಂಗಡಿಯವನನ್ನು ಶಪಿಸುತ್ತಾರೆ.

ಪಾಶ್ಚಾತ್ಯ ದೇಶಗಳಲ್ಲಿ ಗಾಲಿಗಳ ಮೇಲೆ ಮನೆ ಮಾಡಿಕೊಂಡು ಪ್ರವಾಸ ಹೋಗುವವರಿಗೂ ಇದೇ ಚಿಂತೆ. ಅವರ ಬಂಡಿಯಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಎಂಜಿನನ್ನು ಎಬ್ಬಿಸುವ ಬ್ಯಾಟರಿ ಕ್ಷಣಮಾತ್ರ ಅಬ್ಬರಿಸಿ ಸುಮ್ಮನಾಗುವುದು. ಒಳಗಿನ ದೀಪ, ಪಂಖಗಳಿಗೆಂದು ಇರುವ ಎರಡನೆಯದು ಗಂಟೆಗಟ್ಟಲೆ ನಿಧಾನವಾಗಿ ಕೊಡುವುದು. ನಮ್ಮ ಇನ್ವರ್ಟರಿನದು ಈ ಎರಡನೆಯದರ ಸೋದರ. ಚಳಿಗಾಲದಲ್ಲಿ ಮೂಲೆಗೆ ನಿಲ್ಲಿಸಿದ ಬಂಡಿಯೂ ಬೀಗ ಹಾಕಿದ ಮನೆಯೂ ಬ್ಯಾಟರಿಯ ಪಾಲಿಗೆ ಒಂದೇ.

1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ ಮತ್ತು ಗಂಧಕಾಮ್ಲದ ಜೋಡಿಯೇ ಇಂದಿಗೂ ಇದರ ಜೀವಾಳ. ವಿದ್ಯುತ್ತು ಹೊರಬಂದಂತೆಲ್ಲ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ. ಬೇಗನೆ ಚಾರ್ಜು ಮಾಡಿದರೆ ಅದು ಹಿಂದಿನ ರೂಪಕ್ಕೆ ಮರಳುವುದು. ವಾರಗಟ್ಟಲೆ ಬಿಟ್ಟರೋ, ಗಟ್ಟಿ ಹರಳಾಗಿ ಕುಳಿತು ಏಳದು. ದುಡಿದು ಸವೆಯುವ ಬ್ಯಾಟರಿಗಳಿಗಿಂತ ಹೀಗೆ ಹಸಿದು ಮಲಗಿ ಕೆಡುವವುಗಳೇ ಹೆಚ್ಚೇನೋ ಎನ್ನಿಸುವುದುಂಟು. ವಿಜಯಪುರದ ಬೇಸಿಗೆ 40 ಡಿಗ್ರಿಯನ್ನು ದಾಟುವುದರಿಂದ ಈ ಕ್ಷಯ ಅಲ್ಲಿ ಇನ್ನೂ ಚುರುಕು.

ದುಡಿಸುವುದಕ್ಕೂ ಮಿತಿಯುಂಟು. 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್-ಗಂಟೆಗಳಿವೆ. ಅರ್ಧವನ್ನಷ್ಟೇ ಬಳಸುವುದು ಆಯುಸ್ಸಿಗೆ ಹಿತ. 75 ವಾಟಿನ ಎರಡು ಫ್ಯಾನು, 10 ವಾಟಿನ ಮೂರು ದೀಪ ಉರಿಸಿದರೆ ಆ ಅರ್ಧವು, ಇನ್ವರ್ಟರಿನ ನಷ್ಟ ಕಳೆದು, ನಾಲ್ಕು ಗಂಟೆಗಳ ಮಾತು. ಚಾರ್ಜು ನಿಂತು ಕೆಲವು ಗಂಟೆ ವಿಶ್ರಮಿಸಿದ ಬ್ಯಾಟರಿ 12.5ರಿಂದ 12.7 ವೋಲ್ಟು ತೋರಿದರೆ ತುಂಬಿದೆಯೆಂದೂ, 12.1ರ ಸುಮಾರಿಗಿಳಿದರೆ ಅರ್ಧ ಬರಿದಾಯಿತೆಂದೂ ತಿಳಿಯಬೇಕು.

ನೀರಿನ ವಿಷಯದಲ್ಲಿ ಜಿಪುಣತನ ಸಲ್ಲದು. ಬೋರ್‌ವೆಲ್ಲಿನ ಗಡಸು ನೀರು ಫಲಕಗಳಿಗೆ ಮಾರಕ. ಶುದ್ಧ ಕುಡಿಯುವ ನೀರಿನ ಘಟಕದ್ದರಲ್ಲೂ ಲವಣ ಉಳಿದಿರುತ್ತದೆ. ಬಟ್ಟಿ ಇಳಿಸಿದ ನೀರನ್ನೇ ಹಾಕತಕ್ಕದ್ದು, ಅದೂ ಚಾರ್ಜಾದ ಮೇಲೆ. ಫಲಕಗಳು ನೀರಿನಿಂದ ಮೇಲೆ ಕಾಣುತ್ತಿದ್ದರೆ ಮಾತ್ರ ಅವು ಮುಳುಗುವಷ್ಟನ್ನು ಮೊದಲೇ ಹಾಕಬೇಕು. ಆಮ್ಲವನ್ನು ಮನೆಯವರು ಎಂದೂ ಸೇರಿಸಬಾರದು. ಚಾರ್ಜಿನ ಕೊನೆಗೆ ಜಲಜನಕ ಹೊರಬರುವುದು. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೂ ಒಂದು ಕಿಡಿಗೆ ಸಿಡಿಯಬಲ್ಲದು. ದೇವರ ಮನೆಯ ಮಗ್ಗುಲಿನ ಗೂಡಿನಲ್ಲಿ ಬ್ಯಾಟರಿಯನ್ನಿಡುವ ಪದ್ಧತಿ ಈ ಕಾರಣದಿಂದ ತೀರ ಅಪಾಯಕರ. ಈಚಿನ ಲಿಥಿಯಂ ಬ್ಯಾಟರಿಗಳ ನಡೆ ಬೇರೆ. ಇಲ್ಲಿಯ ಮಾತು ನೀರು ಹಾಕುವ ಸೀಸದವುಗಳಿಗೆ ಮಾತ್ರ.

ಹೊರಡುವ ಮುನ್ನ ಪೂರ್ತಿ ಚಾರ್ಜು ಮಾಡಿ, ಇನ್ವರ್ಟರನ್ನು ಆರಿಸಿ, ಅದರ ಪ್ಲಗ್ಗನ್ನು ಕಿತ್ತು, ಋಣಧ್ರುವದ ತಂತಿಯನ್ನು ಮೊದಲು ಬಿಚ್ಚಿಡಬೇಕು. ಬಿಚ್ಚಿಟ್ಟ ಬ್ಯಾಟರಿಯೂ ತಾನಾಗಿ ಸ್ವಲ್ಪ ಸ್ವಲ್ಪವೇ ಬರಿದಾಗುವುದರಿಂದ ತಿಂಗಳಿಗೊಮ್ಮೆ ಯಾರಾದರೂ ಬಂದು ಚಾರ್ಜು ಮಾಡಬೇಕು. ಊರಲ್ಲಿರುವ ಕಾಕಾನ ಕೈಗೆ ಬೀಗದ ಕೈ ಕೊಟ್ಟರೆ ಇದು ಕಷ್ಟವಲ್ಲ. ಹಿಂದಿರುಗಿದ ದಿನ ಮೊದಲು ನೀರಿನ ಮಟ್ಟ ನೋಡಿ, ತಂತಿ ಜೋಡಿಸಿ, ಇಡೀ ರಾತ್ರಿ ಚಾರ್ಜಿಗೆ ಬಿಡಬೇಕು. ಅದರಿಂದ ಫ್ಯಾನು ತಿರುಗಿಸುವುದೇನಿದ್ದರೂ ಮರುದಿನ.